ಗುಜರಿ ತಕ್ಕಡಿಯಲ್ಲಿ ಹಾರ್ಡ್ ಡಿಸ್ಕ್

ರೋಣದಿಂದ ಗಜೇಂದ್ರಗಡದವರೆಗೆ ಯಾವ ಗುಜರಿ ಅಂಗಡಿಗೆ ಹೋದರೂ ಹಾರ್ಡ್ ಡಿಸ್ಕಿಗೆ ಕಿಲೋ ಲೆಕ್ಕವೇ. ಕಂಪನಿ ಯಾವುದು, ಇಸವಿ ಯಾವುದು ಎಂದು ಕೇಳುವವರಿಲ್ಲ. ಸುತ್ತಿಗೆ ಬಿದ್ದ ಮೇಲೆ ಅಲ್ಯೂಮಿನಿಯಂ ಒಂದು ಗುಂಪಿಗೆ, ಹಸಿರು ಬೋರ್ಡು ಇನ್ನೊಂದಕ್ಕೆ. ಒಳಗಿನ ಅಯಸ್ಕಾಂತ ಹುಡುಗರ ಪಾಲು. ಇದೇ ಡಬ್ಬಿಗಳಿಗಾಗಿ ಹುಡುಕಾಡುವ, ತಿರುಗುವಂತಿದ್ದರೆ ಒಳ್ಳೆಯ ಬೆಲೆಯನ್ನೂ ಕೊಡುವ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ.

ಅವರ ಪಾಲಿನ ಮೂಲಪುರುಷ 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್. 24 ಇಂಚಿನ 50 ತಟ್ಟೆಗಳು, ಟನ್ನಿಗೂ ಮಿಕ್ಕ ತೂಕ, ಹಿಡಿಸುತ್ತಿದ್ದದ್ದು ಮಾತ್ರ 50 ಲಕ್ಷ ಅಕ್ಷರ. ಅದನ್ನು ಮನೆಯಲ್ಲಿಡುವ ಮಾತೇ ಇಲ್ಲ. 1980ರ ಸೀಗೇಟ್ ಎಸ್‌ಟಿ-506, ಅಂದರೆ 5 ಎಂಬಿಯದ್ದು, ಕೈಗೆ ಸಿಕ್ಕರೆ ಪುಣ್ಯ. ಹೊಸಬರಿಗೆ ಸುಲಭಕ್ಕೆ ದಕ್ಕುವುದು 20 ಎಂಬಿಯ ಎಸ್‌ಟಿ-225.

ಈ 225ರ ಚಾಳಿಗಳು ಒಂದೆರಡಲ್ಲ. ಸ್ಟೆಪ್ಪರ್ ಮೋಟಾರು ಹೆಡ್ಡನ್ನು ಹೆಜ್ಜೆ ಹೆಜ್ಜೆಯಾಗಿ ಸರಿಸುತ್ತದೆ, ಸರಿದಾಗಲೆಲ್ಲ ಕಿರ್ರೆನ್ನುತ್ತದೆ. ಬಿಸಿಗೆ ಲೋಹ ಹಿಗ್ಗಿತೆಂದರೆ ಟ್ರ್ಯಾಕಿನ ಲೆಕ್ಕ ತಪ್ಪುತ್ತದೆ. ಚಳಿಗಾಲದಲ್ಲಿ ಬರೆದದ್ದನ್ನು ಬೇಸಿಗೆಯಲ್ಲಿ ಓದಲು ತಕರಾರು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಕರೆಂಟ್ ಹೋದರೆ ಹೆಡ್ಡು ತಾನಾಗಿ ಬದಿಗೆ ಸರಿಯದು, ‘ಪಾರ್ಕ್’ ಎಂದು ಆಜ್ಞೆ ಕೊಟ್ಟ ಮೇಲೆಯೇ ಆಫ್ ಮಾಡಬೇಕು. ಹೇಳದೆ ಕೇಳದೆ ಕರೆಂಟ್ ತೆಗೆಯುವ ಊರಿಗೆ ಹೇಳಿಮಾಡಿಸಿದ ಯಂತ್ರವಂತೂ ಅಲ್ಲ! ವರ್ಷಗಟ್ಟಲೆ ಸುಮ್ಮನೆ ಬಿದ್ದಿದ್ದರೆ ಹೆಡ್ಡು ತಟ್ಟೆಗೆ ಅಂಟಿಕೊಳ್ಳುತ್ತದೆ. ಆಗ ಡಬ್ಬಿಯನ್ನು ಮಟ್ಟಸವಾಗಿ ಹಿಡಿದು ಥಟ್ಟನೆ ಅರ್ಧ ಸುತ್ತು ತಿರುವುತ್ತಾರೆ, ಕೆಲವೊಮ್ಮೆ ಬಿಡುತ್ತದೆ. ಮುಚ್ಚಳ ಮಾತ್ರ ತೆಗೆಯಬಾರದು. ಎರೆಮಣ್ಣಿನ ಒಂದು ಕಣ ಒಳಹೊಕ್ಕರೂ ಕೆಟ್ಟಿತು.

ಸಂಗ್ರಾಹಕರು ನಗುತ್ತ ಹೇಳಿಕೊಳ್ಳುವ ಕತೆಯೊಂದಿದೆ. ಅಮೆರಿಕದ ಕೊಲರಾಡೊದಲ್ಲಿ ಮಿನಿಸ್ಕ್ರೈಬ್ ಎಂಬ ಕಂಪನಿಯಿತ್ತು. 1987ರ ಕೊನೆಯಲ್ಲಿ ಲೆಕ್ಕದಲ್ಲಿ ಸರಕು ಕಡಿಮೆ ಬಿದ್ದಾಗ ಅಲ್ಲಿನವರು ಹಾರ್ಡ್ ಡಿಸ್ಕ್ ಪೆಟ್ಟಿಗೆಗಳಲ್ಲಿ ಇಟ್ಟಿಗೆ ತುಂಬಿ ಸಾಗಿಸಿದರು. ವಂಚನೆ ಬಯಲಾಗಿ 1990ರಲ್ಲಿ ಕಂಪನಿ ದಿವಾಳಿಯೆದ್ದಿತು. ಆ ಇಟ್ಟಿಗೆ ಪೆಟ್ಟಿಗೆಯ ಸಮೇತ ಸಿಕ್ಕರೆ, ನನ್ನ ಪ್ರಕಾರ, ಯಾವ ಡಿಸ್ಕಿಗಿಂತಲೂ ಅಪರೂಪದ ವಸ್ತು.

ಇಷ್ಟಾದರೂ ರೋಣದಲ್ಲಿ ಕುಳಿತು 225ರ ಹಿಂದೆ ಬೀಳುವುದು ದಂಡ. ಅದು ಲಕ್ಷಗಟ್ಟಲೆ ತಯಾರಾದ ಮಾಲು, ಜಗತ್ತೇ ಜೋಪಾನ ಮಾಡುತ್ತಿದೆ. ನಮ್ಮ ಕಡೆ ರೈತನ ಬದುಕಿಗೆ ಹಾರ್ಡ್ ಡಿಸ್ಕ್ ತಗಲಿದ್ದೇ 2000ದ ಆಸುಪಾಸಿನಲ್ಲಿ, ಜಮೀನು ದಾಖಲೆಯ ‘ಭೂಮಿ’ ಯೋಜನೆ ಬಂದಾಗ. ತಲಾಟಿಯ ಕೈಬರಹದ ಉತಾರ ಹೋಗಿ, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಅಚ್ಚಾದ ಉತಾರ ಕೈಗೆ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಉತಾರಗಳು ಹೀಗೆ ಕಂಪ್ಯೂಟರ್ ಸೇರಿದವು. ಕಚೇರಿಯ ಡಿಸ್ಕುಗಳ ಮೇಲೆ ಯಾವ ಹವ್ಯಾಸಿಯೂ ಕಣ್ಣು ಹಾಕಬಾರದು, ಬಿಡಿ. ಜನರ ಆಸ್ತಿ ವಿವರ ಅಳಿಸಿ ಹೋಗುವುದೇ ಲೇಸು.

ನಾನು ಹುಡುಕು ಎನ್ನುವುದು ಡಿಟಿಪಿ ಅಂಗಡಿಯ ಡಿಸ್ಕು. ಪಕ್ಕದ ಗದಗ ಮೊದಲಿನಿಂದ ಮುದ್ರಣದ ಊರು. ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರರ ಮನೆತನದ್ದೂ ಅದೇ ಉದ್ಯೋಗ. ಮೊಳೆ ಜೋಡಿಸುವ ಕೆಲಸ ಕಂಪ್ಯೂಟರಿಗೆ ಬಂದಾಗ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಪುರಾಣ ಪ್ರವಚನದ ಹ್ಯಾಂಡ್‌ಬಿಲ್, ನಾಟಕ ಕಂಪನಿಯ ಪೋಸ್ಟರ್ ಎಲ್ಲ 20, 40 ಜಿಬಿ ಡಿಸ್ಕುಗಳಿಗೆ ಇಳಿದವು. ಕಾಗದದ ಪ್ರತಿಯನ್ನು ಯಾರೂ ಕಾಯ್ದಿಡಲಿಲ್ಲ. ಎರೆಹೊಲದ ಊರುಗಳ ಆ ಕಾಲದ ಮದುವೆ ಮುಂಜಿ, ತೇರು ತೊಟ್ಟಿಲು ಉಳಿದಿದ್ದರೆ ಅಲ್ಲಿಯೇ ಉಳಿದಿರಬೇಕು.

ಅವನ್ನು ತೆರೆಯುವುದು ಕಷ್ಟವಲ್ಲ. 40 ಪಿನ್ನಿನ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ. ಗೋಳು ಅಲ್ಲಿಂದ ಶುರು: ಆಗಿನ ಬರಹ, ನುಡಿ, ಶ್ರೀಲಿಪಿ ಫಾಂಟುಗಳು ಯೂನಿಕೋಡ್ ಅಲ್ಲ. ಅದೇ ಫಾಂಟ್ ಇಲ್ಲದಿದ್ದರೆ ಪರದೆಯ ಮೇಲೆ ಚುಕ್ಕೆ ಗೀಟು ಹೊತ್ತ ರೋಮನ್ ಅಕ್ಷರಗಳ ಗೋಜಲು. ಹಾಗಾಗಿ ಡಿಸ್ಕ್ ಕೈಗೆ ಬಂದಕೂಡಲೇ ಮೊದಲು ಫಾಂಟ್ಸ್ ಫೋಲ್ಡರ್ ನಕಲು ಮಾಡಿಕೊಳ್ಳಬೇಕು, ಪೇಜ್‌ಮೇಕರ್ ಕಡತಗಳು ಆಮೇಲೆ. ಶ್ರೀಲಿಪಿಯಾದರೆ ಕಂಪ್ಯೂಟರಿನ ಬೆನ್ನಿಗೆ ಚುಚ್ಚುವ ಪುಟ್ಟ ಡಾಂಗಲ್ ಒಂದಿರುತ್ತಿತ್ತು; ಅಂಗಡಿಯವರ ಡ್ರಾಯರಿನಲ್ಲಿ ಅದೂ ಇದೆಯೇ ಎಂದು ಕೇಳಿ ತಂದರೆ ಒಳ್ಳೆಯದು.