ಕಲಬುರಗಿಗೆ ಹೋದವರು ಮೋರಖಂಡಿಗೂ ಒಂದು ದಿನ ಇಡಿ

ಬಂದೇ ನವಾಝರ ದರ್ಗಾಕ್ಕೆ ಝಿಯಾರತ್‌ಗೆಂದು ಕರಾವಳಿಯಿಂದ ಹೋಗುವ ನಮ್ಮ ಕುಟುಂಬಗಳು ಸಾಮಾನ್ಯವಾಗಿ ಕಲಬುರಗಿಯಿಂದಲೇ ವಾಪಸ್ ಗಾಡಿ ಹತ್ತುತ್ತವೆ. ಇನ್ನೊಂದು ದಿನ ಕೈಯಲ್ಲಿದ್ದರೆ ಹುಮನಾಬಾದ್ ದಾಟಿ ಬಸವಕಲ್ಯಾಣಕ್ಕೆ ಹೋಗಿ ಬನ್ನಿ. ಮೋರಖಂಡಿ ಅದೇ ತಾಲೂಕಿನ ಹಳ್ಳಿ. ಮಹಾರಾಷ್ಟ್ರದ ಗಡಿಯೂ ದೂರವಿಲ್ಲ.

ಅರಮನೆ ನೋಡುವ ಆಸೆಯಿಂದ ಹೋದರೆ ನಿರಾಸೆ ಖಂಡಿತ. ಆದರೆ ರಾಷ್ಟ್ರಕೂಟ ದೊರೆ ಮೂರನೇ ಗೋವಿಂದನ ತಾಮ್ರಶಾಸನಗಳಲ್ಲಿ ಬರುವ ಮಯೂರಖಂಡಿ ಇದೇ ಎನ್ನುವ ಇತಿಹಾಸಕಾರರಿದ್ದಾರೆ. ಅಲ್ಲ, ಅದು ನಾಸಿಕ್ ಕಡೆಯದು ಎನ್ನುವವರೂ ಇದ್ದಾರೆ. ಆತನ ಮಗ ಅಮೋಘವರ್ಷನ ಕಾಲಕ್ಕೆ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ.

ಇದರಲ್ಲಿ ಬ್ಯಾರಿಗಳಿಗೇನು ಅಂತ ಕೇಳಬಹುದು. ಇದೆ. ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾದ ಕ್ರಿ.ಶ. 851ರ ಬರಹ ಜಗತ್ತಿನ ನಾಲ್ವರು ದೊಡ್ಡ ಅರಸರನ್ನು ಹೆಸರಿಸುತ್ತದೆ. ಬಗ್ದಾದಿನ ಖಲೀಫ, ಚೀನಾದ ದೊರೆ, ರೂಮಿನ ದೊರೆ, ನಾಲ್ಕನೆಯವನೇ 'ಬಲ್ಹರಾ', ಅಂದರೆ ನಮ್ಮ ರಾಷ್ಟ್ರಕೂಟ ವಲ್ಲಭರಾಜ. ಅರಬರ ಮೇಲೆ ಆತನಿಗಿದ್ದ ಪ್ರೀತಿಯನ್ನೂ ಅದು ಹೇಳುತ್ತದೆ. 10ನೇ ಶತಮಾನದಲ್ಲಿ ಬಂದ ಅಲ್ ಮಸ್ಊದಿಯಂತೂ ಬಲ್ಹರಾನ ನಾಡಿನಲ್ಲಿ ಮುಸ್ಲಿಮರಿಗೆ ಗೌರವವಿತ್ತು, ಮಸೀದಿಗಳಿದ್ದವು ಎಂದು ಬರೆದಿಟ್ಟಿದ್ದಾನೆ. "ನೀವು ಎಲ್ಲಿಂದ ಬಂದವರು?" ಅಂತ ನಮ್ಮ ಮಕ್ಕಳನ್ನು ಕೇಳುವವರು ಈಗ ಕಮ್ಮಿಯಿಲ್ಲ. ಮಕ್ಕಳಿಗೆ ಈ ಕತೆ ಗೊತ್ತಿರಲಿ.

ಕಲ್ಯಾಣ ಚಾಲುಕ್ಯರ ರಾಜಧಾನಿ, ಬಸವಣ್ಣನವರ ಕರ್ಮಭೂಮಿ. ಕಲ್ಯಾಣಿ ಎಂಬ ಊರು ಬಸವಕಲ್ಯಾಣವಾದದ್ದು 1956ರಲ್ಲಿ. ಗುಡ್ಡಗಳ ನಡುವೆ ಅಡಗಿರುವ ಕೋಟೆಯನ್ನು ನಡೆದೇ ನೋಡಬೇಕು. ಅಜ್ಜಿಯಂದಿರಿಗೆ ಮೆಟ್ಟಿಲು ಸ್ವಲ್ಪ ಕಷ್ಟ. ರಾಜಾ ಬಾಗ್ ಸವಾರ್ ದರ್ಗಾಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ನಾರಾಯಣಪುರದ ಚಾಲುಕ್ಯರ ಗುಡಿಯೂ ಹತ್ತಿರ. ಪೇಟೆಯಲ್ಲಿ ಕನ್ನಡ, ದಖನಿ, ಮರಾಠಿ ಮೂರೂ ಒಟ್ಟಿಗೇ ಕೇಳಿಸುತ್ತವೆ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುವ ನಮಗೆ ಅದೇನೂ ಹೊಸತಲ್ಲ ಬಿಡಿ.

ಬೀದರಿಗೂ ಹೋಗುವುದಾದರೆ ಮಹಮೂದ್ ಗವಾನರ 1472ರ ಮದ್ರಸ ತಪ್ಪಿಸಬೇಡಿ. ಅಲ್ಲಿನ ಕೋಟೆಯ ಕಲ್ಲೂ ನಮ್ಮ ಊರಿನ ಮುರಕಲ್ಲಿನ ಜಾತಿಯದೇ.

ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಜನವರಿಯೊಳಗೆ ಹೋದರೆ ತಗ್ಗುಗಳಲ್ಲಿ ಇನ್ನೂ ಹಸಿರಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು, ಮಕ್ಕಳನ್ನು ಕರೆದೊಯ್ಯುವುದು ಬೇಡ. ಪತ್ತಿರ್ ಸಿಗಲಿಕ್ಕಿಲ್ಲ, ಜೋಳದ ರೊಟ್ಟಿ ಸಿಗುತ್ತದೆ.