ಹೊಟೇಲಿನ ಬೀಗದಕೈ ಸಿಗುವ ತನಕ

ಸಿಂಗಪುರವೇನು ದೂರವಲ್ಲ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಆದರೆ ಹಾಸನದಂಥ ಊರಿನವರಿಗೆ ಬಸ್ಸು, ವಿಮಾನ ನಿಲ್ದಾಣದಲ್ಲಿ ಮೂರು ಗಂಟೆ ಮೊದಲೇ ಹಾಜರಿ, ತಪಾಸಣೆಯ ಸಾಲು ಎಲ್ಲಾ ಸೇರಿ ಇಡೀ ದಿನವೇ ಹೋಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ರಾತ್ರಿ ವಿಮಾನ ಹತ್ತಿದ ನಾವು ಇಳಿದಾಗ ಅಲ್ಲಿ ಬೆಳಗಿನ ಆರು. ನಮ್ಮ ಊರಲ್ಲಿ ಇನ್ನೂ ಮೂರೂವರೆ! ಹೊಟೇಲಿನಲ್ಲಿ "ರೂಮು ಮಧ್ಯಾಹ್ನ ಮೂರಕ್ಕೆ" ಅಂದುಬಿಟ್ಟರು. ಅಲ್ಲೇ ಕೂತಿದ್ದ ನಮ್ಮತ್ತೆಯವರು ಬೆವರತೊಡಗಿದರು, ಕೈ ನಡುಗಿತು. ಅವರಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು ತಪ್ಪಿ ಸಕ್ಕರೆ ಅಂಶ ಇಳಿದಿತ್ತು. ಕೈಚೀಲದಲ್ಲಿದ್ದ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿದೆ. ಸುಧಾರಿಸಿಕೊಂಡ ಮೇಲೆ ಚಪಾತಿ ತಿನ್ನಿಸಿದೆ.

ಆದ್ದರಿಂದ ಹಿರಿಯರ ಜೊತೆ ಹೊರಡುವ ಗೃಹಿಣಿಯರು ಇಷ್ಟು ನೆನಪಿಡಿ:

ಮಾತ್ರೆ, ವೈದ್ಯರ ಚೀಟಿ, ಸಕ್ಕರೆ, ಒಣತಿಂಡಿ ಕೈಚೀಲದಲ್ಲೇ ಇರಲಿ. ಇನ್ಸುಲಿನ್ ಅನ್ನು ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ವಿಮಾನದ ಹೊಟ್ಟೆಯ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ಉಪ್ಪಿನಕಾಯಿ ಬಾಟಲಿ ಮಾತ್ರ ಪೆಟ್ಟಿಗೆಗೇ ಸರಿ. ಹೊತ್ತು ಬದಲಾಗುವುದರಿಂದ ಔಷಧಿಯನ್ನು ಯಾವಾಗ ಕೊಡಬೇಕೆಂದು ಮೊದಲೇ ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಬಹಳ ಹೊಟೇಲುಗಳಲ್ಲಿ ರೂಮು ಸಿಗುವುದು ಮಧ್ಯಾಹ್ನ ಎರಡು ಮೂರು ಗಂಟೆಗೇ. ಬೇಗ ಕೊಡ್ತೀರಾ, ಹೆಚ್ಚಿಗೆ ಎಷ್ಟಾಗುತ್ತೆ ಅಂತ ಗೊತ್ತುಮಾಡುವಾಗಲೇ ವಿಚಾರಿಸಿ. ಸಾಮಾನನ್ನಾದರೂ ಇಟ್ಟುಕೊಳ್ಳುತ್ತಾರೆ. ಅಲ್ಲಿ ನಲ್ಲಿ ನೀರು ಕುಡಿಯಬಹುದು. ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ದೋಸೆ ಸಿಗುತ್ತದೆ.

ಯಾವ ಸೀರೆ ಒಯ್ಯೋದು ಅಂತ ಆಮೇಲೆ ಯೋಚಿಸೋಣ. ಮೊದಲು ಕೈಚೀಲ ತುಂಬಿ!