ಇಡ್ಲಿ ತಟ್ಟೆಯ ಪಕ್ಕದಲ್ಲೊಂದು ಕ್ಯಾಮೆರಾ

ಊಟದ ಮೇಜಿನ ಮೇಲೆ ಹಳೇ ಪಂಚೆ ಹಾಸಿದ್ದೇನೆ. ಪಕ್ಕದಲ್ಲಿ ಇಡ್ಲಿ ತಟ್ಟೆ. ತಳದ ಸ್ಕ್ರೂಗಳು ಮೊದಲ ಗುಳಿಗೆ, ಹಿಂಬದಿಯವು ಎರಡನೆಯದಕ್ಕೆ, ಹೀಗೆ ಸರತಿ. ತಿರುಗಿ ಜೋಡಿಸುವಾಗ ಉಲ್ಟಾ ಹೋದರಾಯಿತು. ನಡುವೆ ಅಂಗಾತ ಮಲಗಿರುವುದು 2004ರ ನಿಕಾನ್ ಡಿ70. 6 ಮೆಗಾಪಿಕ್ಸೆಲ್‌ನ ಈ ಮುದುಕನಿಗೆ ಇವತ್ತು ಪೊರೆ ತೆಗೆಯಬೇಕು.

"ತಟ್ಟೆ ತೊಳೆದು ಕೊಡೋ ಮತ್ತೆ," ಅಮ್ಮ ಒಳಗಿನಿಂದಲೇ ಕೂಗಿದಳು.

ನನ್ನ ಹೆದರಿಕೆ ಫ್ಲ್ಯಾಷ್‌ನ ಕೆಪಾಸಿಟರ್‌ನದು. ಬ್ಯಾಟರಿ ಕಳಚಿಟ್ಟರೂ ಅದರ ಹೊಟ್ಟೆಯಲ್ಲಿ ಸುಮಾರು 300 ವೋಲ್ಟ್ ಕೂತಿರಬಹುದು. ಹಿಂದೊಮ್ಮೆ ಪುಟ್ಟ ಕ್ಯಾಮೆರಾ ಬಿಚ್ಚುವಾಗ ಮೊಣಕೈವರೆಗೆ ಜುಮ್ಮೆಂದದ್ದು ಇನ್ನೂ ಮರೆತಿಲ್ಲ. ಈ ಸಲ ರೆಸಿಸ್ಟರ್ ತಾಗಿಸಿ ಮೊದಲು ಅದನ್ನು ಖಾಲಿ ಮಾಡಿದೆ.

ರಿಬ್ಬನ್ ಕೇಬಲ್‌ಗಳನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ ಸೆನ್ಸರ್ ಹೊರತೆಗೆದರೆ, ಅದರ ಮುಂದೊಂದು ಪುಟ್ಟ ಗಾಜು. ಬಿಳಿ ಕಾಗದದ ಮೇಲಿಟ್ಟೆ. ಥೇಟ್ ಗೋಲಿ ಸೋಡಾ ಬಾಟಲಿಯ ಬಣ್ಣ! ಸಿಲಿಕಾನ್ ಸೆನ್ಸರ್‌ಗೆ ಹುಟ್ಟಿನಿಂದಲೇ ನಮಗಿಂತ ಅಗಲದ ನೋಟ, ಸುಮಾರು 350ರಿಂದ 1100 ನ್ಯಾನೋಮೀಟರ್‌ವರೆಗೆ. ನಮ್ಮದು 400ರಿಂದ 700ರೊಳಗೇ ಮುಗಿಯುತ್ತದೆ. ಕಾರ್ಖಾನೆಯವರು ಈ ಗಾಜಿಟ್ಟು ಅದನ್ನು ನಮ್ಮ ಮಟ್ಟಕ್ಕೆ ಇಳಿಸುತ್ತಾರೆ. ತಪ್ಪೇನಲ್ಲ, ಇಲ್ಲದಿದ್ದರೆ ಮದುಮಗನ ಕಪ್ಪು ಸೂಟು ಕಂದುಗೆಂಪಾಗಿ ಬಂದು ಫೋಟೋಗ್ರಾಫರ್ ಬೈಸಿಕೊಳ್ಳಬೇಕಾದೀತು. ಖಾಲಿಯಾದ ಜಾಗಕ್ಕೆ ಕ್ವಾರ್ಟ್ಸ್ ಗಾಜು ಕೂರಿಸಿದೆ, ಹಾಗೇ ಬಿಟ್ಟರೆ ಫೋಕಸ್ ತಪ್ಪುತ್ತದೆ. ಒಂದು ಧೂಳಿನ ಕಣ ಒಳಗೇ ಉಳಿದು ಮೂರು ಸಲ ಬಿಚ್ಚಿಸಿತು.

ಮಧ್ಯಾಹ್ನ ಹಿತ್ತಲಿನಲ್ಲಿ ಟ್ರೈಪಾಡ್ ನಿಲ್ಲಿಸಿ, ಚೌಕಟ್ಟು ನೋಡಿಕೊಂಡು, ಲೆನ್ಸ್‌ಗೆ ಅವಕೆಂಪಿನ, ಅಂದರೆ ಕೆಂಪಿನಾಚೆಯ ಕಾಣದ ಬೆಳಕಿನ, 720 ನ್ಯಾನೋಮೀಟರ್‌ನ ಫಿಲ್ಟರ್ ತಿರುಗಿಸಿದೆ. ಕಾವಲಿಯಷ್ಟು ಕಪ್ಪು, ವ್ಯೂಫೈಂಡರ್ ಕುರುಡು. ಮೊದಲ ಚಿತ್ರ ಬರೀ ಕೆಂಪು. ಹುಲ್ಲು ತೋರಿಸಿ ವೈಟ್ ಬ್ಯಾಲೆನ್ಸ್ ಇಟ್ಟ ಮೇಲೆ ಅಮ್ಮನನ್ನು ಕರೆದೆ.

"ಇದೇನೋ, ಮಾವಿನಮರಕ್ಕೆ ಸುಣ್ಣ ಹೊಡೆದ ಹಾಗಿದೆ!"

ಎಲೆ ಅವಕೆಂಪನ್ನು ಕುಡಿಯುವುದಿಲ್ಲ, ಎರಚಿಬಿಡುತ್ತದೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1910ರಲ್ಲೇ ಇಂಥ ಬೆಳ್ಳನೆ ಮರ, ಕಪ್ಪನೆ ಆಕಾಶದ ಚಿತ್ರಗಳನ್ನು ಪ್ರಕಟಿಸಿದ್ದ.

ಅತಿನೇರಳೆ ಇಷ್ಟು ಸುಲಭಕ್ಕೆ ಒಲಿಯದು. ಈಗಿನ ಲೆನ್ಸ್‌ಗಳ ಗಾಜು, ಲೇಪ, ಅಂಟು ಸೇರಿ ಅದರ ಬಹುಪಾಲನ್ನು ನುಂಗುತ್ತವೆ. ಬಾಗಿಲು ಮುಚ್ಚಿದ ಸ್ಟುಡಿಯೋದ ಡಾರ್ಕ್‌ರೂಮಿನಿಂದ ತಂದಿದ್ದ ಹಳೇ ಎನ್‌ಲಾರ್ಜರ್ ಲೆನ್ಸ್ ಕೈಹಿಡಿಯಿತು. ಅತಿನೇರಳೆಯ ಫಿಲ್ಟರ್ ಅವಕೆಂಪನ್ನೂ ಕದ್ದು ಒಳಬಿಡುತ್ತದೆ; ಅದನ್ನು ತಡೆಯಲು ಮೇಲೊಂದು ಗಾಜು ಬೇಕು. ಅದರ ಬಣ್ಣ? ಮತ್ತದೇ ಗೋಲಿ ಸೋಡಾ.

ಬೇಲಿ ಬದಿಯ ಸೂರ್ಯಕಾಂತಿಯ ಎಸಳು ನನ್ನ ಕಣ್ಣಿಗೆ ತುದಿಯಿಂದ ಬುಡದವರೆಗೆ ಒಂದೇ ಹಳದಿ. ತೆರೆಯ ಮೇಲೆ ತುದಿಗಳಷ್ಟೇ ಬೆಳ್ಳಗೆ; ಬುಡಗಳೆಲ್ಲ ಸೇರಿ ನಡುವೆ ಮಸಿಯ ಬಟ್ಟಲು. ಷಟರ್ ಹತ್ತು ಸೆಕೆಂಡು ತೆರೆದಿತ್ತು. ಅಷ್ಟರಲ್ಲಿ ಜೇನೊಂದು ಬಂದು ಆ ಕಪ್ಪಿನೊಳಗೆ ಓಡಾಡಿ ಹೋಗಿತ್ತು. ಚಿತ್ರದಲ್ಲಿ ಅದು ಬರೀ ಒಂದು ಮಬ್ಬು ಗೀಟು.